ಗಂಟು ಮೊದಲು ಕಟ್ಟೋಣ, ಬಸ್ಸು ಆಮೇಲೆ ಹತ್ತೋಣ



ಶಾಲೆಗೆ ರಜೆ ಬಂತೆಂದರೆ ನಮ್ಮ ಅಂಚೆಟ್ಟಿ ಕಡೆಯ ಮನೆಗಳಲ್ಲೂ ಈಗ ಒಂದು ಪ್ರಶ್ನೆ ಏಳುತ್ತದೆ: "ವಂಡರ್‌ಲಾಗೆ ಯಾವಾಗ ಹೋಗೋಣ?" ಹೊಸೂರಿನ ಕಾರ್ಖಾನೆಗಳಲ್ಲಿ ದುಡಿಯುವ ಅಣ್ಣ ಅಕ್ಕಂದಿರಿಗೆ ತಿಂಗಳ ಸಂಬಳ ಬರುತ್ತದೆ. ಮಕ್ಕಳ ಕೈಯಲ್ಲಿ ಫೋನಿದೆ. ಫೋನಿನಲ್ಲಿ ಗೆಳೆಯರು ನೀರಿನಲ್ಲಿ ಜಾರುವ, ಆಕಾಶದಲ್ಲಿ ತಿರುಗುವ ವಿಡಿಯೊಗಳಿವೆ. ಆಸೆ ಹುಟ್ಟುವುದು ಸಹಜ.

ಪ್ರಶ್ನೆ ಎದ್ದ ಕೂಡಲೇ ಮನೆಯಲ್ಲಿ ಎರಡು ಪಕ್ಷವಾಗುತ್ತದೆ. ಹಿರಿಯರು, "ದುಡ್ಡು ಕೊಟ್ಟು ತಲೆ ತಿರುಗಿಸ್ಕೊಳ್ಳೋಕೆ ಅಷ್ಟು ದೂರ ಹೋಗ್ಬೇಕಾ?" ಅನ್ನುತ್ತಾರೆ. ಕಿರಿಯರು, "ವರ್ಷಕ್ಕೊಂದು ಸಲ ಹೋಗೋದು, ಅದಕ್ಕೂ ಲೆಕ್ಕ ಹಾಕ್ಬೇಕಾ?" ಅನ್ನುತ್ತಾರೆ. ಕೊನೆಗೆ ಅಪ್ಪ ಏನೂ ಮಾತಾಡದೆ ಎಲ್ಲಿಂದಲೋ ಹಣ ತರುತ್ತಾರೆ. ಎಲ್ಲಿಂದ ತಂದರು ಎಂದು ಯಾರೂ ಕೇಳುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟು: ಹೋಗುವುದು ತಪ್ಪಲ್ಲ, ಲೆಕ್ಕವಿಲ್ಲದೆ ಹೋಗುವುದು ತಪ್ಪು. ಆ ಲೆಕ್ಕವನ್ನು ದಿನದಿನಕ್ಕೆ ಬೇರೆ ಬೇರೆ ಹಾಕಬೇಕು, ಮನೆಯವರೆಲ್ಲರ ಮುಂದೆ ಹಾಕಬೇಕು, ಆಗಲೇ ಕೈಯಲ್ಲಿರುವ ಹಣಕ್ಕೆ ಹಾಕಬೇಕು. ಹಾಗೆ ಮಾಡಿದವರು ಪ್ರವಾಸದಲ್ಲಿ ಧಾರಾಳವಾಗಿ ನಗಬಹುದು.

ಬೈಬಲ್ಲಿನಲ್ಲೇ ಇರುವ ಪ್ರವಾಸದ ಲೆಕ್ಕ

ಧರ್ಮೋಪದೇಶಕಾಂಡದ 14ನೇ ಅಧ್ಯಾಯವನ್ನು ಒಮ್ಮೆ ತೆರೆದು 22ರಿಂದ 27ರವರೆಗಿನ ವಚನಗಳನ್ನು ಓದಿ. ನಾವು ಅಷ್ಟಾಗಿ ಗಮನಿಸದ ಭಾಗ ಅದು. ವರ್ಷದ ಬೆಳೆಯಲ್ಲಿ ಹತ್ತರಲ್ಲೊಂದು ಪಾಲನ್ನು ಎತ್ತಿಡಬೇಕು. ದೇವರು ಆರಿಸಿಕೊಂಡ ಸ್ಥಳ ದೂರವಿದ್ದರೆ ಆ ಪಾಲನ್ನು ಮಾರಿ ಹಣ ಮಾಡಿಕೊಂಡು, ಆ ಹಣವನ್ನು ಗಂಟು ಕಟ್ಟಿಕೊಂಡು ಹೊರಡಬೇಕು. ಅಲ್ಲಿಗೆ ಹೋದ ಮೇಲೆ ಮನಸ್ಸಿಗೆ ಬೇಕಾದದ್ದನ್ನು ಕೊಂಡು ಮನೆಮಂದಿಯೆಲ್ಲ ಉಂಡು ಸಂತೋಷಪಡಬೇಕು. ಆದರೆ ಸ್ವಂತ ಹೊಲವಿಲ್ಲದ ಊರಿನ ಲೇವಿಯನನ್ನು ಮರೆಯಬಾರದು. ಆ ವಚನಗಳ ಸಾರಾಂಶ ಇದು.

ಅದು ದೇವರ ಸನ್ನಿಧಿಯ ಹಬ್ಬ, ನಾವು ಮಾತಾಡುತ್ತಿರುವುದು ಆಟದ ಪಾರ್ಕು. ಎರಡೂ ಒಂದೇ ಅಲ್ಲ, ನಿಜ. ಆದರೂ ದುಡಿಯುವ ಕುಟುಂಬವೊಂದು ಹಣ ಹಿಡಿದು ದೂರ ಹೊರಡುವಾಗ ಹೇಗಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ಕ್ರಮ ಗಮನಿಸಿ. ಮೊದಲು ಬೆಳೆ, ಆಮೇಲೆ ಪಾಲು, ಆಮೇಲೆ ಗಂಟು, ಆಮೇಲೆ ದಾರಿ, ಕೊನೆಗೆ ಸಂತೋಷ. ಸಂತೋಷಪಡಬೇಡಿ ಎಂದು ಅಲ್ಲಿ ಎಲ್ಲೂ ಹೇಳಿಲ್ಲ. ಆದರೆ ಮೊದಲು ಸಂತೋಷಪಟ್ಟು ಬೆಳೆಯನ್ನು ಆಮೇಲೆ ಹುಡುಕಿ ಎಂದೂ ಹೇಳಿಲ್ಲ.

ಸಾಲದ ಲೆಕ್ಕ

ಈಗ ಸಾಲ ಸಿಗುವುದು ಬಹಳ ಸುಲಭ. ಫೋನಿನಲ್ಲಿ ನಾಲ್ಕು ಸಲ ಒತ್ತಿದರೆ ಇಪ್ಪತ್ತು ಸಾವಿರ ಖಾತೆಗೆ ಬಂದು ಬೀಳುತ್ತದೆ. ಇಲ್ಲವೆಂದರೆ ಅಮ್ಮನ ಓಲೆ ಗಿರವಿಗೆ ಹೋಗುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ.

ಐದು ಜನರ ಕುಟುಂಬದ ಪ್ರವಾಸಕ್ಕೆ 20,000 ರೂಪಾಯಿ ಬೇಕು ಎಂದುಕೊಳ್ಳಿ. ವರ್ಷಕ್ಕೆ ಶೇಕಡಾ 24ರ ಬಡ್ಡಿಗೆ ಸಾಲ ತಂದು ಹನ್ನೆರಡು ತಿಂಗಳ ಕಂತಿನಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 1,891 ರೂಪಾಯಿ ಕಟ್ಟಬೇಕು. ಒಟ್ಟು 22,690 ದಾಟುತ್ತದೆ. ಅಂದರೆ ಹೆಚ್ಚಿಗೆ ಕೊಟ್ಟದ್ದು ಸುಮಾರು 2,700. ಅದೇ ಹಣವನ್ನು ಮೊದಲೇ ಹನ್ನೆರಡು ತಿಂಗಳು ಕೂಡಿಟ್ಟರೆ ತಿಂಗಳಿಗೆ 1,667 ಸಾಕು. ಹನ್ನೆರಡು ತಿಂಗಳು ಹೇಗೂ ಬಿಗಿ ಹಿಡಿಯಲೇಬೇಕು. ಪ್ರವಾಸಕ್ಕೆ ಮುಂಚೆ ಹಿಡಿಯುತ್ತೇವೋ ಆಮೇಲೋ ಎಂಬುದಷ್ಟೇ ಪ್ರಶ್ನೆ. ಮುಂಚೆ ಹಿಡಿದವರು ಕಾಯುತ್ತಾ ಇರುತ್ತಾರೆ. ಆಮೇಲೆ ಹಿಡಿಯುವವರು, ಮುಗಿದುಹೋದ ಸಂತೋಷಕ್ಕೆ ದಂಡ ಕಟ್ಟುತ್ತಾ ಇರುತ್ತಾರೆ.

ಸಾಲ ಕೊಡುವ ಆ್ಯಪ್‌ಗಳು ಬಡ್ಡಿ, ಶುಲ್ಕ ಎಲ್ಲ ಸೇರಿದ ವಾರ್ಷಿಕ ದರವನ್ನು ಸಾಲಗಾರನಿಗೆ ಮೊದಲೇ ಬರೆದು ತೋರಿಸಬೇಕೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಆ ಹಾಳೆಯನ್ನು ಓದದೆ 'ಸರಿ' ಒತ್ತುವ ಕೈ ಹೆಚ್ಚಾಗಿ ನಮ್ಮ ಯುವಕರದ್ದೇ. ಅಪ್ಪನ ಹೆಸರಿನಲ್ಲಿ ಒತ್ತುವ ಮಗನೂ ಇದ್ದಾನೆ. ದಯವಿಟ್ಟು ಬೇಡ.

ಕಾಲವನ್ನೂ ನೋಡಬೇಕು. ಬೇಸಿಗೆ ರಜೆ ಮುಗಿಯುತ್ತಿದ್ದಂತೆ ಜೂನ್. ಜೂನ್ ಅಂದರೆ ಶಾಲೆಯ ಫೀಸು, ಪುಸ್ತಕ, ಸಮವಸ್ತ್ರ. ಮಳೆ ನಂಬಿದ ನಮ್ಮ ಹೊಲಗಳಿಗೆ ಬಿತ್ತನೆ, ಗೊಬ್ಬರದ ಖರ್ಚೂ ಅದೇ ಹೊತ್ತಿಗೆ. ಮೇ ತಿಂಗಳಲ್ಲಿ ಕೈಯಲ್ಲಿ ಕಾಣುವ ಹಣ ಹಲವು ಮನೆಗಳಲ್ಲಿ ನಿಜವಾಗಿ ಜೂನ್ ತಿಂಗಳಿನದು. ಪ್ರವಾಸದ ಗಂಟು ಕಟ್ಟುವ ಮುಂಚೆ ಅದನ್ನು ಬೇರೆ ಎತ್ತಿಡಿ. ಎತ್ತಿಟ್ಟ ಮೇಲೆ ಏನೂ ಉಳಿಯದಿದ್ದರೆ ಈ ವರ್ಷ ಪಾರ್ಕ್ ಇಲ್ಲ, ಅಷ್ಟೇ. ರಾಗಿ ಕೊಯ್ಲಾದ ಮೇಲಿನ ರಜೆಗೆ ಹೋದರಾಯಿತು.

ಬಾಗಿಲಲ್ಲಿ ಕೊಡುವುದೇ ಪೂರ್ತಿ ಖರ್ಚಲ್ಲ

ನಮ್ಮ ಜಾತ್ರೆಗಳಲ್ಲಿ ರಂಕಲ ರಾಟೆಗೆ ಒಂದು ಟಿಕೆಟ್, ದೋಣಿಗೆ ಒಂದು ಟಿಕೆಟ್. ಅಮೆರಿಕದಲ್ಲಿ 1955ರಲ್ಲಿ ತೆರೆದ ಡಿಸ್ನಿಲ್ಯಾಂಡ್ ಕೂಡ ಬಹುಕಾಲ ಹಾಗೇ ಇತ್ತು. ಒಳಗೆ ಹೋಗಲು ಒಂದು ದರ, ಆಟಗಳಿಗೆ ಕೂಪನ್ ಪುಸ್ತಕ. ಪುಸ್ತಕ ಖಾಲಿಯಾದರೆ ಆಟ ಮುಗಿಯಿತು. ಆ ಪದ್ಧತಿ ಅಲ್ಲಿ 1982ರಲ್ಲಿ ನಿಂತಿತು. ಈಗ ದೊಡ್ಡ ಪಾರ್ಕುಗಳಲ್ಲಿ ಸಾಮಾನ್ಯವಾಗಿ ಬಾಗಿಲಲ್ಲೇ ಒಂದು ದೊಡ್ಡ ಮೊತ್ತ ಕೊಟ್ಟರೆ ಒಳಗೆ ಎಷ್ಟು ಬೇಕಾದರೂ ಆಡಬಹುದು. ಬಿಡದಿ ಹತ್ತಿರ 2005ರಲ್ಲಿ ಆರಂಭವಾದ ವಂಡರ್‌ಲಾದಲ್ಲೂ ಹೀಗೆಯೇ.

ಇದರಿಂದ ಒಂದು ಅನುಕೂಲ, ಒಂದು ಮೋಸದ ಭಾವನೆ. ಟಿಕೆಟ್ ಕೊಂಡಾಯಿತಲ್ಲ, ಇನ್ನು ಖರ್ಚಿಲ್ಲ ಅನ್ನಿಸಿಬಿಡುತ್ತದೆ. ಆದರೆ ಇಂಥ ಹೆಚ್ಚಿನ ಪಾರ್ಕುಗಳಲ್ಲಿ ಹೊರಗಿನ ಊಟ ಬಿಡುವುದಿಲ್ಲ. ನೀರಿನ ಆಟಕ್ಕೆ ಹತ್ತಿ ಬಟ್ಟೆ ನಡೆಯುವುದಿಲ್ಲ, ನೈಲಾನಿನಂಥದ್ದೇ ಆಗಬೇಕು. ಸಾಮಾನು ಇಡಲು ಲಾಕರ್ ಬಾಡಿಗೆ. ಆಟದ ಮಧ್ಯೆ ತೆಗೆದ ಫೋಟೊ ಬೇಕೆಂದರೆ ಅದಕ್ಕೊಂದು ದರ. ಮಧ್ಯಾಹ್ನ ಹಸಿದ ಮಗು ಐಸ್‌ಕ್ರೀಮ್ ತೋರಿಸಿದರೆ ಬೇಡ ಅನ್ನಲು ಯಾವ ತಾಯಿಗೆ ಮನಸ್ಸು ಬರುತ್ತದೆ? ದಿನದ ಲೆಕ್ಕ ಬೇಕಾಗುವುದು ಇಲ್ಲಿಯೇ.

ಬುಕ್ ಮಾಡುವ ಮುಂಚೆ ಮೂರು ವಿಷಯ ನೋಡಿ. ವಾರದ ನಡುವಿನ ದಿನಕ್ಕೂ ರಜಾದಿನಕ್ಕೂ ದರ ಬೇರೆಯಿರುತ್ತದೆ. ಮಕ್ಕಳ ಟಿಕೆಟ್ಟನ್ನು ಹಲವೆಡೆ ವಯಸ್ಸಿನಿಂದಲ್ಲ, ಎತ್ತರದಿಂದ ತೀರ್ಮಾನಿಸುತ್ತಾರೆ. ಹೊರಡುವ ಮುಂಚೆ ಗೋಡೆಗೆ ನಿಲ್ಲಿಸಿ ಅಳೆಯಿರಿ. ತೋರಿಸಿದ ದರದಲ್ಲಿ ಜಿಎಸ್‌ಟಿ ಸೇರಿದೆಯೋ ಇಲ್ಲವೋ ನೋಡಿ. ಐದು ಟಿಕೆಟ್‌ಗೆ ಶೇಕಡಾ 18 ಸೇರಿದರೆ ಸಣ್ಣ ಮೊತ್ತವಲ್ಲ. ಕಾಲೇಜಿನ ಗುರುತಿನ ಚೀಟಿಗೆ, ಅರವತ್ತು ದಾಟಿದ ಹಿರಿಯರಿಗೆ ರಿಯಾಯಿತಿ ಇದೆಯೇ ಎಂದೂ ಆಗಲೇ ನೋಡಿಕೊಳ್ಳಿ.

ಮೂರು ದಿನ, ಮೂರು ಕವರು

ಅದೇ 20,000 ರೂಪಾಯಿಯನ್ನು ಹೇಗೆ ಹಂಚುವುದು? ಒಂದು ಉದಾಹರಣೆ ಕೊಡುತ್ತೇನೆ, ನಿಮ್ಮ ಮನೆಗೆ ತಕ್ಕಂತೆ ಬದಲಿಸಿಕೊಳ್ಳಿ. ಮೊದಲು 2,000 ಬೇರೆ ಇಡಿ. ಅದು ಜ್ವರಕ್ಕೆ, ತಪ್ಪಿದ ಬಸ್ಸಿಗೆ, ಹರಿದ ಚಪ್ಪಲಿಗೆ. ಐಸ್‌ಕ್ರೀಮಿಗಲ್ಲ. ಟಿಕೆಟ್‌ಗೂ ನೀರಿನ ಬಟ್ಟೆಗೂ 10,000 ಇಡಿ. ಬಟ್ಟೆಯನ್ನು ಹೊಸೂರಿನಲ್ಲೇ ಕೊಂಡುಕೊಳ್ಳಿ. ಉಳಿದದ್ದು 8,000. ಇದೇ ನಿಜವಾದ ಪ್ರವಾಸದ ಹಣ.

ಇದನ್ನು ಮೂರರಿಂದ ಸಮವಾಗಿ ಭಾಗಿಸಬೇಡಿ. ಮೂರು ದಿನವೂ ಒಂದೇ ತರಹ ಇರುವುದಿಲ್ಲ. ಅಂಚೆಟ್ಟಿಯಿಂದ ಕಾಡಿನ ರಸ್ತೆಯಲ್ಲಿ ಡೆಂಕಣಿಕೋಟೆ, ಅಲ್ಲಿಂದ ಹೊಸೂರು, ಬೆಂಗಳೂರು ದಾಟಿ ಬಿಡದಿ ಸೇರುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಪೂರ್ತಿ ದಿನದ ಟಿಕೆಟ್ ಕೊಂಡು ಮಧ್ಯಾಹ್ನ ಒಳಗೆ ಹೋದರೆ ಅರ್ಧ ಹಣ ದಾರಿಯಲ್ಲೇ ಚೆಲ್ಲಿದಂತೆ. ಹಿಂದಿನ ದಿನವೇ ಹೋಗಿ ಬೆಂಗಳೂರಿನಲ್ಲಿರುವ ನೆಂಟರ ಮನೆಯಲ್ಲಿ ಉಳಿದರೆ ಒಳ್ಳೆಯದು. ಆದರೆ ನೆಂಟರ ಮನೆಗೆ ಬರಿಗೈಯಲ್ಲಿ ಹೋಗಲಾಗುತ್ತದೆಯೇ? ಹಣ್ಣು, ಸಿಹಿ, ಅವರ ಮಗುವಿಗೊಂದು ಏನಾದರೂ. ಅದನ್ನೂ ಬರೆಯಿರಿ.

ಹೀಗೆ ಮೊದಲ ದಿನ, ಬಸ್ಸು ಮತ್ತು ನೆಂಟರ ಮನೆ: 1,500. ಎರಡನೆಯ ದಿನ, ಪಾರ್ಕಿಗೆ ಹೋಗಿಬರುವುದು, ಊಟ, ಲಾಕರ್, ಮಕ್ಕಳ ಕೈಖರ್ಚು: 4,000. ಮೂರನೆಯ ದಿನ, ಬೆಳಿಗ್ಗೆ ಶಿವಾಜಿನಗರದ ಸಂತ ಮರಿಯ ಬೆಸಿಲಿಕಾದಲ್ಲಿ ಬಲಿಪೂಜೆ, ಕಬ್ಬನ್ ಪಾರ್ಕಿನಲ್ಲಿ ಒಂದು ಸುತ್ತು, ಊಟ, ಊರಿಗೆ ಬಸ್ಸು: 2,500. ಮೂರು ಕವರಿನ ಮೇಲೆ ದಿನ ಬರೆದು ಹಣ ಹಾಕಿಡಿ. ಇನ್ನೊಮ್ಮೆ ಆ ಸಾಲದ ಬಡ್ಡಿ ನೆನಪು ಮಾಡಿಕೊಳ್ಳಿ. ಸುಮಾರು 2,700. ಸಾಲ ಮಾಡಿ ಹೋದವರು ಮೂರನೆಯ ದಿನದ ಕವರನ್ನು ಪೂರ್ತಿ ಬಡ್ಡಿಗೇ ಕೊಟ್ಟು, ಮೇಲೆ ಇನ್ನೂರು ಸೇರಿಸಿದಂತಾಯಿತು.

ದಿನದಿನದ ಲೆಕ್ಕ ಯಾಕೆ, ಒಟ್ಟು ಲೆಕ್ಕ ಸಾಲದೇ? ಸಾಲದು. ಒಟ್ಟು ಮೊತ್ತ ಕೈಯಲ್ಲಿದ್ದಾಗ ಮೊದಲ ದಿನ ಎಲ್ಲರೂ ರಾಜರು, ಕೊನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಟೀಗೂ ಯೋಚನೆ. ಮರುಭೂಮಿಯಲ್ಲಿ ಮನ್ನ ಬಿದ್ದ ಕಥೆ ನಿಮಗೆ ಗೊತ್ತು. ಅಂದಂದಿನದು ಅಂದಂದಿಗೆ, ಆರನೆಯ ದಿನ ಮಾತ್ರ ಎರಡರಷ್ಟು. ಆಸೆಯಿಂದ ಕೂಡಿಟ್ಟದ್ದು ಹುಳ ಬಿತ್ತು. ದಿನದ ಪಾಲು ದಿನಕ್ಕೆ ಸಾಕಾಗುತ್ತದೆ ಎಂಬ ನೆಮ್ಮದಿ ಅಲ್ಲಿ ಕಲಿಸಿದ ಪಾಠ. ಕವರಿನಲ್ಲಿ ಉಳಿದದ್ದು ನಾಳೆಗೆ ಸೇರಲಿ. ಆದರೆ ನಾಳೆಯ ಕವರನ್ನು ಇಂದು ತೆರೆಯಬೇಕಾದರೆ ಮನೆಯವರೆಲ್ಲ ಒಪ್ಪಬೇಕು.

ಫೋನಿನಲ್ಲೇ ಹಣ ಕೊಡುವವರಿಗೆ ಒಂದು ಉಪಾಯವಿದೆ. ಯುಪಿಐ ಲೈಟ್‌ನಲ್ಲಿ ಒಮ್ಮೆಗೆ 5,000 ರೂಪಾಯಿಯವರೆಗೆ ಮಾತ್ರ ಇಡಬಹುದು, ಒಂದು ಸಲಕ್ಕೆ 1,000ದವರೆಗೆ ಕೊಡಬಹುದು. ಬೆಳಿಗ್ಗೆ ಆ ದಿನದ ಪಾಲನ್ನಷ್ಟೇ ಅದಕ್ಕೆ ಹಾಕಿ. ನಿಮ್ಮ ಫೋನೇ ಕವರಾಗುತ್ತದೆ. ಸ್ಕ್ಯಾನ್ ಮಾಡುವಾಗ ಹಣ ಹೋದದ್ದು ಕೈಗೆ ಗೊತ್ತಾಗುವುದಿಲ್ಲ, ಖಾಲಿಯಾದಾಗಲಾದರೂ ಕಣ್ಣಿಗೆ ಕಾಣಲಿ.

ಗಡಿಯವರಾದ ನಮ್ಮ ದಾರಿಖರ್ಚು

ನಾವು ಮಾತಾಡುವುದು ಕನ್ನಡ, ನಮ್ಮ ರೇಷನ್ ಕಾರ್ಡು ತಮಿಳುನಾಡಿನದು. ದಾರಿಖರ್ಚಿನಲ್ಲಿ ಇದು ಲೆಕ್ಕಕ್ಕೆ ಬರುತ್ತದೆ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಇದೆ. ಆದರೆ ಅದು ಕರ್ನಾಟಕದ ವಿಳಾಸವಿರುವವರಿಗೆ. ಬೆಂಗಳೂರಿನ ಚಿಕ್ಕಮ್ಮನಿಗೆ ಟಿಕೆಟ್ ಇಲ್ಲ, ಜೊತೆಗೆ ಕೂತ ನಮ್ಮಮ್ಮನಿಗೆ ಇದೆ. ತಮಿಳುನಾಡಿನ ಉಚಿತ ಪ್ರಯಾಣವೂ ಸಾದಾ ಟೌನ್ ಬಸ್ಸುಗಳಿಗೇ ಹೊರತು ದೂರದ ಬಸ್ಸುಗಳಿಗಲ್ಲ. ಹಾಗಾಗಿ ಹೆಂಗಸರ ಬಸ್ ದರವನ್ನು ಲೆಕ್ಕದಿಂದ ಬಿಡಬೇಡಿ.

2025ರ ಆಗಸ್ಟ್‌ನಿಂದ ನಮ್ಮ ಕಡೆಯವರಿಗೆ ಒಂದು ಅನುಕೂಲವಾಗಿದೆ. ಹೊಸೂರಿನಿಂದ ಅತ್ತಿಬೆಲೆ, ಚಂದಾಪುರ ದಾಟಿ ಬೊಮ್ಮಸಂದ್ರದಲ್ಲಿ ಇಳಿದರೆ ಹಳದಿ ಮಾರ್ಗದ ಮೆಟ್ರೊ ಸಿಗುತ್ತದೆ. ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿದರೆ ಮೈಸೂರು ರಸ್ತೆಯ ಚಲ್ಲಘಟ್ಟದವರೆಗೂ ಮೆಟ್ರೊದಲ್ಲೇ ಹೋಗಬಹುದು. ಅಲ್ಲಿಂದ ಬಿಡದಿ ಕಡೆಗೆ ಬಸ್ಸು. ಬಾಡಿಗೆ ವ್ಯಾನಿನಲ್ಲಿ ಹೋಗುವವರು ಟೋಲ್, ಚಾಲಕರ ಬತ್ತ, ರಾಜ್ಯ ದಾಟುವ ಪರ್ಮಿಟ್ ಖರ್ಚು ಯಾರದೆಂದು ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಿ.

ಎಲ್ಲರೂ ಕೂತು ಹಾಕುವ ಲೆಕ್ಕ

ಇದೇ ನನಗೆ ಎಲ್ಲಕ್ಕಿಂತ ಮುಖ್ಯ. ನಮ್ಮ ಮನೆಗಳಲ್ಲಿ ಹಣದ ವಿಷಯ ಮಕ್ಕಳ ಮುಂದೆ ಆಡುವುದಿಲ್ಲ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಎಷ್ಟಿದೆ ಎಂದು ತಿಳಿಯದ ಮಗು ಎಷ್ಟು ಕೇಳಬೇಕೆಂದು ಹೇಗೆ ತಿಳಿದೀತು? ಕೇಳಿದ್ದಕ್ಕೆಲ್ಲ ಇಲ್ಲ ಎಂದಾಗ ಅಪ್ಪನಿಗೆ ನನ್ನ ಮೇಲೆ ಕೋಪ ಎಂದುಕೊಳ್ಳುತ್ತದೆ. ಲೆಕ್ಕ ಗೊತ್ತಿರುವ ಮಗು ಹಾಗೆ ತಿಳಿಯುವುದಿಲ್ಲ. ಎರಡನೆಯ ದಿನದ ಕವರಿನಿಂದ ಪ್ರತಿ ಮಗುವಿಗೂ ಇನ್ನೂರು ರೂಪಾಯಿ ಅದರದ್ದೇ ಎಂದು ಕೊಟ್ಟುಬಿಡಿ. ಫೋಟೊ ಬೇಕೋ, ಐಸ್‌ಕ್ರೀಮ್ ಬೇಕೋ, ಊರಿಗೆ ತರಬೇಕೋ, ಅದೇ ತೀರ್ಮಾನಿಸಲಿ. ಏನು ಕೊಂಡರೂ ಬೈಯಬೇಡಿ.

ಅಜ್ಜಿಯನ್ನೂ ಕೇಳಿ. ಆಡದೆ ಮರದ ನೆರಳಲ್ಲಿ ಕೂರುವವರಿಗೂ ಪಾರ್ಕಿನಲ್ಲಿ ಟಿಕೆಟ್ ಬೇಕಾಗಬಹುದು. ಹಾಗೆಂದು ಅವರನ್ನು ಕೇಳದೆ ಬಿಟ್ಟುಹೋಗುವುದೂ ಸರಿಯಲ್ಲ, ಕೇಳದೆ ಎಳೆದೊಯ್ಯುವುದೂ ಸರಿಯಲ್ಲ. "ನಾನು ನೆಂಟರ ಮನೇಲಿರ್ತೀನಿ, ನಾಳೆ ಆರೋಗ್ಯಮಾತೆ ಹತ್ರ ಕರ್ಕೊಂಡ್ಹೋಗಿ ಸಾಕು" ಎಂದು ಅಜ್ಜಿಯೇ ಹೇಳಬಹುದು. ಆಗ ಉಳಿದ ಟಿಕೆಟ್ ಹಣದಲ್ಲಿ ಮೊದಲ ಪಾಲು ಅವರದ್ದೇ.

ಅಮ್ಮನ ಹಣದ ಬಗ್ಗೆಯೂ ಒಂದು ಮಾತು. 2023ರ ಸೆಪ್ಟೆಂಬರಿನಿಂದ ನಮ್ಮ ರಾಜ್ಯದ ಎಷ್ಟೋ ತಾಯಂದಿರಿಗೆ ತಿಂಗಳಿಗೆ ಸಾವಿರ ರೂಪಾಯಿ ಮಗಳಿರ್ ಉರಿಮೈ ತೊಗೈ ಬರುತ್ತಿದೆ. ಅಮ್ಮನ ಸಾವಿರ ಹೇಗೂ ಇದೆಯಲ್ಲ ಎಂದು ಪ್ರವಾಸದ ಲೆಕ್ಕಕ್ಕೆ ಸೇರಿಸಿಬಿಡುವ ಅಭ್ಯಾಸ ಬಂದಿದೆ. ಉರಿಮೈ ಅಂದರೆ ಹಕ್ಕು. ಅದು ಅವರ ಹಕ್ಕಿನ ಹಣ. ಕೊಡುತ್ತೀರಾ ಎಂದು ಕೇಳಬೇಕು. ಬೇಡ ಎಂದರೆ ಮುಖ ಗಂಟಿಕ್ಕಬಾರದು. ಕಾರ್ಖಾನೆಯಲ್ಲಿ ದುಡಿಯುವ ಅಕ್ಕನ ಸಂಬಳಕ್ಕೂ ಇದೇ ಮಾತು.

ಲೇವಿಯನನ್ನು ಮರೆಯದಿರೋಣ

ಆ ವಚನಗಳ ಕೊನೆಯ ಭಾಗ ಲೇವಿಯನದು. ನಮ್ಮ ಬೀದಿಯಲ್ಲೂ ಒಬ್ಬ ಹುಡುಗ ಇರುತ್ತಾನೆ. ಯುವಜನರ ಸಂಘದಿಂದ ಎಲ್ಲರೂ ಹೊರಟಾಗ ಅವನಿಗೆ ಅದೇ ದಿನ ಹೊಟ್ಟೆನೋವು ಬರುತ್ತದೆ. ಅದು ಹೊಟ್ಟೆನೋವಲ್ಲ ಎಂದು ನಮಗೆಲ್ಲ ಗೊತ್ತು. ಕುಟುಂಬವೇ ಹೋಗಲಿ, ಸಂಘವೇ ಹೋಗಲಿ, ಲೆಕ್ಕ ಬರೆಯುವಾಗಲೇ ಅವನಿಗೊಂದು ಸಾಲು ಇಡೋಣ. ಎಲ್ಲರೂ ತಲಾ ಐವತ್ತು ಹೆಚ್ಚಿಗೆ ಹಾಕಿದರೆ ಮೂವತ್ತು ಜನರಲ್ಲಿ 1,500 ಆಗುತ್ತದೆ. ಯಾರ ಹಣ, ಯಾರಿಗೆ ಎಂದು ಯಾರೂ ಕೇಳಬೇಕಾಗಿಲ್ಲ. ಕುಟುಂಬಕ್ಕೆ ಅಷ್ಟು ಆಗದಿದ್ದರೆ ಮೂರನೆಯ ಕವರಿನಲ್ಲಿ ಪಕ್ಕದ ಮನೆಗೊಂದು ಸಿಹಿಯ ಪೊಟ್ಟಣವಾದರೂ ಇರಲಿ.

ವರ್ಷವಿಡೀ ಕೂಡಿಟ್ಟರೂ ಮೂರು ಸಾವಿರವೇ ಆಯಿತು ಎನ್ನುವ ಮನೆಗಳೂ ನಮ್ಮಲ್ಲಿವೆ. ಅವರಿಗೂ ಇದೇ ಲೆಕ್ಕ ಸಲ್ಲುತ್ತದೆ, ಸ್ಥಳ ಮಾತ್ರ ಬೇರೆ. ಕಾಡಿನ ರಸ್ತೆಯಲ್ಲಿ ಬಸ್ಸು ಹಿಡಿದರೆ ಹೊಗೆನಕಲ್ಲು. ಹರಿಗೋಲಿನ ದರವನ್ನು ಕೌಂಟರಿನಲ್ಲೇ ಕೇಳಿ ತಿಳಿದು, ಲೈಫ್ ಜಾಕೆಟ್ ಹಾಕಿಕೊಂಡು ಒಂದು ಸುತ್ತು, ಮೀನಿನ ಊಟ, ಸ್ನಾನ. ನದಿಗೆ ನೀರು ಹೆಚ್ಚಾದರೆ ಹರಿಗೋಲು ನಿಲ್ಲಿಸುತ್ತಾರೆ, ವಿಚಾರಿಸಿ ಹೊರಡಿ. ಒಂದೇ ದಿನ, ಒಂದೇ ಕವರು. ಅಲ್ಲಿ ನಕ್ಕ ಮಕ್ಕಳು ಬಿಡದಿಯಲ್ಲಿ ನಕ್ಕವರಿಗಿಂತ ಕಡಿಮೆ ನಗುವುದಿಲ್ಲ.

ಲೆಕ್ಕ ಹಾಕಿದರೆ ಮಜಾ ಹೋಗುತ್ತದೆ ಎನ್ನುವ ಯುವಮಿತ್ರರಿಗೆ ನಾನು ಕೇಳುವುದು ಒಂದೇ. ಎತ್ತರದ ಆಟದಲ್ಲಿ ಕೂತಾಗ ಎದೆಗೆ ಅಡ್ಡವಾಗಿ ಕಬ್ಬಿಣದ ಪಟ್ಟಿ ಬಂದು ಕೂರುತ್ತದಲ್ಲ, ಅದು ಮಜಾ ಕಡಿಮೆ ಮಾಡುತ್ತದೆಯೇ? ಅದು ಬಿಗಿಯಾಗಿ ಕೂತಿದೆ ಎಂಬ ಧೈರ್ಯದಿಂದಲೇ ನಾವು ಕೈ ಮೇಲೆತ್ತಿ ಕೂಗುತ್ತೇವೆ.

ಬರುವ ಭಾನುವಾರ ಬಲಿಪೂಜೆ ಮುಗಿಸಿ ಮನೆಗೆ ಹೋದ ಮೇಲೆ ಅರ್ಧ ಗಂಟೆ ಎಲ್ಲರೂ ಒಟ್ಟಿಗೆ ಕೂರಿ. ಒಂದು ಹಾಳೆ, ಒಂದು ಪೆನ್ನು ಸಾಕು. ಮೊದಲ ಸಾಲಿನಲ್ಲಿ ಜೂನ್ ತಿಂಗಳ ಖರ್ಚು ಬರೆಯಿರಿ, ಎರಡನೆಯದರಲ್ಲಿ ತಿಂಗಳಿಗೆ ಎಷ್ಟು ಎತ್ತಿಡಬಹುದೆಂದು. ಹಾಳೆಯನ್ನು ಬರೆಯಲು ಮನೆಯ ಚಿಕ್ಕ ಮಗುವಿಗೆ ಕೊಡಿ.